ಚೀಲದ ಮೇಲೆ ತೆರಿಗೆ: ತಪ್ಪಿದ ಲೆಕ್ಕ

ಅಂಗಡಿಯಲ್ಲಿ ಕೊಡುವ ತೆಳುವಾದ ಪ್ಲಾಸ್ಟಿಕ್ ಚೀಲದ ತೂಕ ಹತ್ತು ಗ್ರಾಮಿಗಿಂತಲೂ ಕಡಿಮೆ. ಆದರೂ ನಗರಗಳಿಗೆ ಅದೊಂದು ದೊಡ್ಡ ಹೊರೆಯಾಗಿದೆ. ಅದು ಚರಂಡಿಯನ್ನು ಕಟ್ಟುತ್ತದೆ. ಮಣ್ಣಿನಲ್ಲಿ ಕೊಳೆಯದೆ ಉಳಿಯುತ್ತದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ರೋಗವು ನಿಜವೆಂದ ಮಾತ್ರಕ್ಕೆ ಕೊಟ್ಟ ಮದ್ದೆಲ್ಲವೂ ಸರಿಯೆನ್ನಲಾಗದು.

ಅಮೆರಿಕದ ಷಿಕಾಗೊ ನಗರದ ಅನುಭವವನ್ನು ನೋಡೋಣ. 2015ರಲ್ಲಿ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ತೆಳು ಚೀಲಗಳನ್ನು ನಿಷೇಧಿಸಲಾಯಿತು. ಅಂಗಡಿಗಳವರು ಇನ್ನೂ ದಪ್ಪನಾದ ಪ್ಲಾಸ್ಟಿಕ್ ಚೀಲಗಳನ್ನು ಕೊಡತೊಡಗಿದರು. ಕೊನೆಗೆ ನಿಷೇಧವನ್ನು ತೆಗೆದುಹಾಕಿ, 2017ರ ಫೆಬ್ರವರಿಯಿಂದ ಕಾಗದದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ ಚೀಲವೊಂದಕ್ಕೆ 7 ಸೆಂಟಿನಂತೆ ತೆರಿಗೆ ವಿಧಿಸಲಾಯಿತು. ಚೀಲಗಳ ಬಳಕೆಯು ಇಳಿಯಿತೆಂಬುದು ದಿಟ. ಅಷ್ಟರಿಂದಲೇ ಗೆದ್ದೆವೆನ್ನಬಹುದೆ?

ಈ ತೆರಿಗೆಯು ಚೀಲಗಳನ್ನು ಎಣಿಸುತ್ತದೆ; ಅವುಗಳ ಬಳಕೆಯನ್ನು ಎಣಿಸುವುದಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವರದಿಯಂತೆ, ಭೂತಾಪದ ದೃಷ್ಟಿಯಿಂದ ಒಮ್ಮೆ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಬಾರಿಯೂ ಹತ್ತಿಬಟ್ಟೆಯ ಚೀಲವನ್ನು 131 ಬಾರಿಯೂ ಬಳಸಬೇಕು. ಹತ್ತಿಯನ್ನು ಬೆಳೆದು, ನೂತು, ನೇಯುವುದಕ್ಕೆ ತಗಲುವ ನೀರು, ಗೊಬ್ಬರ ಮತ್ತು ಶಕ್ತಿಗಳೇ ಇದಕ್ಕೆ ಕಾರಣ. ಬಟ್ಟೆಯ ಚೀಲವನ್ನು ಕೊಂಡು ಮೂಲೆಗೆಸೆಯುವವನು ಭೂಮಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಇನ್ನೊಂದು ಮಾತು. ಅಂಗಡಿಯ ಚೀಲವು ಮನೆಯಲ್ಲಿ ಕಸ ತುಂಬುವ ಚೀಲವಾಗುತ್ತದೆ. ಕ್ಯಾಲಿಫೋರ್ನಿಯದ ನಗರಗಳು ಚೀಲಗಳನ್ನು ನಿಷೇಧಿಸಿದಾಗ ಕಸದ ಚೀಲಗಳ ಮಾರಾಟವು ಏರಿತು. ಉಳಿತಾಯವಾದ ಪ್ಲಾಸ್ಟಿಕ್ಕಿನಲ್ಲಿ ಶೇಕಡ 28ಕ್ಕಿಂತ ಹೆಚ್ಚು ಭಾಗವು ಈ ದಾರಿಯಿಂದ ಮರಳಿ ಬಂದಿತೆಂದು ಅರ್ಥಶಾಸ್ತ್ರಜ್ಞೆ ರೆಬೆಕ್ಕ ಟೇಲರ್ 2019ರಲ್ಲಿ ತೋರಿಸಿದರು. ಅಲ್ಲಿದ್ದುದು ನಿಷೇಧವೇ ಹೊರತು ತೆರಿಗೆಯಲ್ಲ. ಆದರೂ ಮನೆವಾರ್ತೆಯ ಅಗತ್ಯವು ಎರಡು ಕಡೆಯೂ ಒಂದೇ.

ಷಿಕಾಗೊದ ತೆರಿಗೆಯು 2025ರಲ್ಲಿ 10 ಸೆಂಟಿಗೆ ಏರಿತು. ಚೀಲವು ಇಲ್ಲವಾಗಬೇಕೆಂದು ಹುಟ್ಟಿದ ತೆರಿಗೆಯು ಒಮ್ಮೆ ವರಮಾನದ ಬಾಬ್ತಾಯಿತೆಂದರೆ, ಚೀಲವು ಪೂರ್ತಿಯಾಗಿ ಇಲ್ಲವಾಗುವುದು ಬೊಕ್ಕಸಕ್ಕೇ ನಷ್ಟ. ಈ ವೈರುಧ್ಯವನ್ನು ಬೆಳೆಯಗೊಡಬಾರದು.

ಹಾಗಾದರೆ ಮಾಡಬೇಕಾದುದೇನು? ಮನೆಯಿಂದ ಹಳೆಯ ಚೀಲವನ್ನು ತಂದವರಿಗೆ ಬೆಲೆಯಲ್ಲಿ ರಿಯಾಯಿತಿ ದೊರೆಯಲಿ. ಬಳಸಿದ ಚೀಲಗಳನ್ನು ಅಂಗಡಿಗಳೇ ಮರಳಿ ಪಡೆಯಲಿ. ನಗರಾಡಳಿತವು ಚರಂಡಿಯ ಬಾಯಿಗೆ ಬೀಳುವ ಮೊದಲೇ ಕಸವನ್ನು ಎತ್ತಲಿ. ಚೀಲವು ಯಾವುದರಿಂದ ಆಗಿದೆ ಎಂಬುದಕ್ಕಿಂತ, ಅದು ಎಷ್ಟು ಸಲ ನಮ್ಮೊಡನೆ ಅಂಗಡಿಗೆ ಹೋಗಿ ಬಂದಿತೆಂಬುದೇ ಮುಖ್ಯ. ಆ ಲೆಕ್ಕವನ್ನು ಬಿಟ್ಟ ತೆರಿಗೆಯನ್ನು ನಾವು ಒಪ್ಪಲಾಗದು.