ಸೋಂಕಿಗಿಂತ ಮುಂಚೆ ಬಂದ ಆತಂಕ

2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಸೋಂಕು ನಮ್ಮ ಊರುಗಳನ್ನು ತಲಪುವುದಕ್ಕೆ ಮೊದಲೇ ಅದರ ಆತಂಕ ತಲಪಿತ್ತು. ಆ ತಿಂಗಳ 10ರಂದು ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರದು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಾಗ, ಒಬ್ಬ ರೋಗಿಯೂ ಇಲ್ಲದ ಹಳ್ಳಿಗಳಲ್ಲಿ ಜನರು ಕೆಮ್ಮುವುದಕ್ಕೂ ಅಂಜಿದರು. ಇದು ಬರಿಯ ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ.

ಭಯಕ್ಕೆ ನಿರ್ದಿಷ್ಟ ವಸ್ತುವಿದೆ, ಆತಂಕಕ್ಕೆ ಅದಿಲ್ಲ ಎಂಬ ಭೇದವನ್ನು ಡೆನ್ಮಾರ್ಕಿನ ತತ್ತ್ವಜ್ಞಾನಿ ಕಿಯರ್ಕೆಗಾರ್ಡ್ 1844ರಲ್ಲಿಯೇ ಗುರುತಿಸಿದ್ದರು. ಹಾವನ್ನು ಕಂಡವನು ದೂರ ಸರಿಯುತ್ತಾನೆ. ಹಾವು ಮನೆ ಹೊಕ್ಕಿದೆಯೋ ಇಲ್ಲವೋ ತಿಳಿಯದವನು ರಾತ್ರಿಯಿಡೀ ಕಣ್ಣು ಮುಚ್ಚಲಾರ. ಅಪಾಯವು ಅಪರಿಚಿತವಾದಷ್ಟೂ, ಹತೋಟಿಗೆ ಮೀರಿದಷ್ಟೂ ಮನಸ್ಸಿನಲ್ಲಿ ಬೃಹದಾಕಾರ ತಾಳುತ್ತದೆಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ಬರೆದರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಆ ರಸ್ತೆಗೆ ದಿನವೂ ನಿಶ್ಚಿಂತೆಯಿಂದ ಇಳಿಯುತ್ತೇವೆ.

ಆತಂಕವು ಎದೆಬಡಿತವನ್ನು ಹೆಚ್ಚಿಸುತ್ತದೆ, ಉಸಿರು ಕಟ್ಟಿಸುತ್ತದೆ. ಅದನ್ನೇ ರೋಗದ ಲಕ್ಷಣವೆಂದು ಬಗೆದು ಮನಸ್ಸು ಇನ್ನಷ್ಟು ಕಳವಳಗೊಳ್ಳುತ್ತದೆ. 2021ರ ಎರಡನೆಯ ಅಲೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಗಂಟೆಗೆ ಹತ್ತು ಬಾರಿ ನೋಡಿಕೊಂಡವರು ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿಯೋ! ಉಪಕರಣವೇನೋ ಉಪಯುಕ್ತವೇ, ಮತ್ತೆ ಮತ್ತೆ ನೋಡಿ ಪಡೆದ ನೆಮ್ಮದಿ ಮಾತ್ರ ನಿಲ್ಲುವಂತಹುದಲ್ಲ. ಜೊತೆಗೆ ದಿನವಿಡೀ ಟಿ.ವಿ.ಯಲ್ಲಿ ಸಾವಿನ ಲೆಕ್ಕ, ನಡುರಾತ್ರಿ ವಾಟ್ಸಾಪ್ ವದಂತಿ.

ಇವೆಲ್ಲಕ್ಕಿಂತ ಆಳವಾಗಿ ಕೊರೆದದ್ದು ಒಂಟಿತನ ಮತ್ತು ಅಪಮಾನ. 2003ರಲ್ಲಿ ಸಾರ್ಸ್ ಹರಡಿದಾಗ ಕೆನಡಾದ ಟೊರೊಂಟೊ ನಗರದಲ್ಲಿ ಕ್ವಾರಂಟೈನ್‌ಗೆ ಒಳಗಾಗಿದ್ದ 129 ಮಂದಿಯನ್ನು ತಜ್ಞರು ವಿಚಾರಿಸಿದರು. ಸುಮಾರು ಶೇ. 29 ಮಂದಿಯಲ್ಲಿ ಮಾನಸಿಕ ಆಘಾತದ ಲಕ್ಷಣಗಳಿದ್ದವು. ಅವಧಿ ದೀರ್ಘವಾದಷ್ಟೂ ಅವು ಹೆಚ್ಚಿದ್ದವು. ನಮ್ಮ ರಾಜ್ಯದಲ್ಲಿ ಅದಕ್ಕೆ ಕೈಗೆ ಒತ್ತಿದ ಮುದ್ರೆ, ಬಾಗಿಲಿಗೆ ಅಂಟಿಸಿದ ಚೀಟಿ ಸೇರಿಕೊಂಡವು. ಸಮರ್ಥ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ರೋಗಿಯ ಮನೆಗೆ ಚೀಟಿ ಅಂಟಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಬೀದಿಯೆಲ್ಲ ಓದಿಯಾಗಿತ್ತು. ರೋಗಕ್ಕಿಂತ ನೆರೆಯವರ ನೋಟಕ್ಕೆ ಹೆದರಿ ಜ್ವರವನ್ನು ಮುಚ್ಚಿಟ್ಟವರಿದ್ದರು. ಆಸ್ಪತ್ರೆಯಲ್ಲಿ ದುಡಿದು ಬಂದ ದಾದಿಯರಿಗೆ ಮನೆ ಖಾಲಿ ಮಾಡಲು ಹೇಳಿದ ಮಾಲೀಕರೂ ಇದ್ದರು. ರೋಗವನ್ನು ಅಡಗಿಸಿಟ್ಟರೆ ಅದು ಹರಡುತ್ತದೆ. ಆದುದರಿಂದ ಅಪಮಾನವೆಂಬುದು ಕೇವಲ ಮನಸ್ಸಿನ ವಿಷಯವಲ್ಲ, ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. "ವಿಶ್ವಾಸವಿದ್ದರೆ ಆತಂಕವೇಕೆ?" ಎಂದು ನಿದ್ದೆಗೆಟ್ಟವರನ್ನು ಕೇಳಿದವರು ನಮ್ಮ ನಡುವೆಯೇ ಇದ್ದರು. ಕಳವಳದ ಮೇಲೆ ಪಾಪಪ್ರಜ್ಞೆಯನ್ನೂ ಹೇರಿದ ಕ್ರೌರ್ಯವಿದು. ಗೆತ್ಸೆಮನೆ ತೋಪಿನಲ್ಲಿ ಪ್ರಭುವೇ ಕಳವಳಗೊಂಡು, ತಮ್ಮೊಡನೆ ಎಚ್ಚರವಾಗಿರುವಂತೆ ಶಿಷ್ಯರನ್ನು ಕೇಳಿಕೊಂಡರು. ದೇವಾಲಯಗಳು ಮುಚ್ಚಿದ್ದ, ಶವಸಂಸ್ಕಾರಕ್ಕೆ 20ಕ್ಕಿಂತ ಹೆಚ್ಚು ಮಂದಿ ಸೇರಬಾರದೆಂಬ ನಿಯಮವಿದ್ದ ಆ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಅಂತಹ ಸಾಂಗತ್ಯವೇ ದೊರೆಯಲಿಲ್ಲ.

ಪಿಡುಗಿನ ಮೊದಲ ವರ್ಷದಲ್ಲಿ ಆತಂಕ ಹಾಗೂ ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಎಲ್ಲ ಮನೆಗಳಲ್ಲಿಯೂ ಅದು ಅಂದೇ ಮುಗಿಯಲಿಲ್ಲ. ಸರ್ಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಭಾನುವಾರದ ಬಲಿಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಈ ಸಂಖ್ಯೆಯನ್ನೂ ಓದಿ ಹೇಳಲು ನಮ್ಮ ಧರ್ಮಕೇಂದ್ರಗಳು ಸಂಕೋಚಪಡಬೇಕಾಗಿಲ್ಲ.