‘ಎಸ್‌ಎಸ್‌ಎ ಪಾಸಿಟಿವ್’ ಎಂದರೆ ಯಾವ ಪ್ರೋಟೀನು?

ರೋ60 ಎಂಬುದು ಮನುಷ್ಯನ ಜೀವಕೋಶಗಳಲ್ಲಿರುವ, 538 ಅಮೈನೊ ಆಮ್ಲಗಳ ಪ್ರೋಟೀನು. ಇದರ ಆಕಾರ ಬಳೆಯದು. ವೈ ಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಗಳು ಇದರ ಹೊರಮೈಗೆ ಅಂಟಿಕೊಳ್ಳುತ್ತವೆ. ಸರಿಯಾಗಿ ಮಡಚಿಕೊಳ್ಳದ ಆರ್‌ಎನ್‌ಎಯ ತುದಿ ನಡುವಿನ ತೂತಿನಲ್ಲಿ ಸಿಲುಕುತ್ತದೆ. ಲೂಪಸ್ ಮತ್ತು ಶೋಗ್ರೆನ್ ರೋಗಿಗಳಲ್ಲಿ ಅನೇಕರ ದೇಹ ಈ ಸ್ವಂತ ಪ್ರೋಟೀನಿನ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. 1969ರಲ್ಲಿ ಇದನ್ನು ಗುರುತಿಸಿದವರು ರೋಗಿಯ ಹೆಸರಿನ ಮೊದಲ ಅಕ್ಷರಗಳಿಂದ ‘ರೋ’ ಎಂದು ಕರೆದರು. ಶೋಗ್ರೆನ್ ರೋಗದ ಸಂಶೋಧಕರು ಅದನ್ನೇ ಎಸ್‌ಎಸ್‌ಎ ಎಂದು ಕರೆದಿದ್ದರು. ಎರಡೂ ಒಂದೇ ಎಂಬುದು 1979ರಲ್ಲಿ ಸ್ಪಷ್ಟವಾಯಿತು.

ನಿಜವಾದ ಗೊಂದಲ ಹುಟ್ಟಿದ್ದು ಆಮೇಲೆ. 1988ರಲ್ಲಿ ಇದೇ ರೋಗಿಗಳ ರಕ್ತದಲ್ಲಿ ಇನ್ನೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯವೂ ಕಂಡಿತು. ಅದಕ್ಕೆ ರೋ52 ಎಂಬ ಹೆಸರು ಬಂತು. ಎರಡೂ ಒಂದೇ ಸಂಕೀರ್ಣದ ಭಾಗಗಳೆಂದು ಬಹಳ ಕಾಲ ನಂಬಲಾಗಿತ್ತು. ವಾಸ್ತವದಲ್ಲಿ ಎರಡರ ಜೀನ್‌ಗಳಿರುವುದು ಬೇರೆ ಬೇರೆ ವರ್ಣತಂತುಗಳಲ್ಲಿ: ಒಂದನೆಯದರಲ್ಲಿ ರೋ60, ಹನ್ನೊಂದನೆಯದರಲ್ಲಿ ರೋ52. ಕೆಲಸವೂ ಬೇರೆ. ಪ್ರತಿಕಾಯ ಅಂಟಿಸಿಕೊಂಡೇ ಕೋಶದೊಳಗೆ ನುಗ್ಗಿದ ವೈರಾಣುವನ್ನು ಹಿಡಿದು ನಾಶಕ್ಕೆ ಗುರುತು ಹಾಕುವುದು ರೋ52.

ಇವನ್ನು ಬೇರ್ಪಡಿಸಿ ನೋಡಲು ದಾರಿ ಮಾಡಿದ್ದು ಮರುಸಂಯೋಜಿತ ಪ್ರೋಟೀನು. ಮೊದಲು ರಕ್ತಪರೀಕ್ಷೆಯಲ್ಲಿ ಬಳಸುವ ಪ್ರತಿಜನಕದ (ಪ್ರತಿಕಾಯ ಅಂಟುವ ಪ್ರೋಟೀನಿನ) ಮೂಲ ಎಳೆಗರುವಿನ ಥೈಮಸ್ ಗ್ರಂಥಿಯ ಸಾರ. ಅದರಲ್ಲಿ ಹತ್ತಾರು ಪ್ರೋಟೀನುಗಳು ಬೆರೆತಿರುತ್ತಿದ್ದವು. ಈಗ ಮನುಷ್ಯನ ಜೀನನ್ನು ಈ ಕೋಲಿ ಬ್ಯಾಕ್ಟೀರಿಯಾಕ್ಕೋ ಕೀಟದ ಕೋಶಕ್ಕೋ ಸೇರಿಸಿ, ಬೇಕಾದ ಒಂದೇ ಪ್ರೋಟೀನನ್ನು ಬೆಳೆಸಿ ಶುದ್ಧೀಕರಿಸಬಹುದು. ಕೀಟದ ಕೋಶಕ್ಕೆ ಖರ್ಚು ಹೆಚ್ಚು. ಆದರೂ ರೋ60ರ ಮಟ್ಟಿಗೆ ಆ ಖರ್ಚಿಗೆ ಅರ್ಥವಿದೆ. ರೋಗಿಯ ಪ್ರತಿಕಾಯಗಳು ಬಹುಪಾಲು ಅಂಟುವುದು ಈ ಪ್ರೋಟೀನಿನ ಮಡಿಕೆಗೆ. ಮಡಿಕೆ ಬಿಚ್ಚಿಹೋದರೆ ಪ್ರತಿಕಾಯವಿದ್ದೂ ಪರೀಕ್ಷೆ ‘ನೆಗೆಟಿವ್’ ಎನ್ನಬಹುದು. ಬ್ಯಾಕ್ಟೀರಿಯಾದ ಕಲ್ಮಶ ಉಳಿದರೆ ತದ್ವಿರುದ್ಧವಾದ ತಪ್ಪು. ಹೀಗಾಗಿ ಮರುಸಂಯೋಜಿತ ಎಂದಾಕ್ಷಣ ಉತ್ತಮ ಎಂದು ಹೇಳಲಾಗದು. ಕೆಲವು ಪರೀಕ್ಷಾ ಪಟ್ಟಿಗಳಲ್ಲಿ ಇವತ್ತಿಗೂ ರೋ60 ದನದ ಥೈಮಸ್‌ನದ್ದೇ, ರೋ52 ಮಾತ್ರ ಮರುಸಂಯೋಜಿತ.

ಕಲಬುರಗಿ ಜಿಲ್ಲೆಯ ಕಲ್ಲಿನ ಸೀಮೆಯಲ್ಲಿ ಈ ಭೇದಕ್ಕೆ ಹೆಚ್ಚಿನ ಬೆಲೆಯಿದೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಪರ್ಸಿ ಕಲ್ಲಿನ ಗಣಿ, ಪಾಲಿಶ್ ಘಟಕ, ಸಿಮೆಂಟ್ ಕಾರ್ಖಾನೆಗಳಲ್ಲಿ ದೂಳು ಕುಡಿಯುತ್ತ ದುಡಿಯುವವರಿದ್ದಾರೆ. ಶಹಾಬಾದ್ ಕಲ್ಲು ಸುಣ್ಣಕಲ್ಲು. ಕೋಲಾರದ ಚಿನ್ನದ ಗಣಿಯ ಬೆಣಚುಕಲ್ಲಿನಷ್ಟು ಸಿಲಿಕಾ ಅದರಲ್ಲಿಲ್ಲ, ಪೂರ್ತಿ ಇಲ್ಲವೆಂದೂ ಅಲ್ಲ. ಸಿಲಿಕಾಕ್ಕೂ ಸ್ವಯಂಪ್ರತಿರಕ್ಷಾ ರೋಗಕ್ಕೂ ಇರುವ ನಂಟು ಹಳೆಯದು: 1914ರಲ್ಲಿ ಎಡಿನ್‌ಬರೋದ ಬೈರಮ್ ಬ್ರಾಮ್‌ವೆಲ್ ಕಲ್ಲುಕುಟಿಗರಲ್ಲಿ, 1957ರಲ್ಲಿ ಎರಾಸ್ಮಸ್ ದಕ್ಷಿಣ ಆಫ್ರಿಕಾದ ಗಣಿಗಾರರಲ್ಲಿ ಚರ್ಮ ಬಿಗಿಯುವ ಸ್ಕ್ಲೀರೋಡರ್ಮಾವನ್ನು ದಾಖಲಿಸಿದರು. ಗಣಿ ಕಾರ್ಮಿಕನ ಒಣ ಕೆಮ್ಮು, ಏದುಸಿರಿಗೆ ದೂಳು ಅಥವಾ ಕ್ಷಯ ಎಂಬ ಉತ್ತರ ಸಿದ್ಧವಾಗಿರುತ್ತದೆ; ಆದರೆ ಕಾರಣ ಸ್ವಯಂಪ್ರತಿರಕ್ಷಾ ರೋಗವೂ ಇರಬಹುದು. ಸ್ನಾಯು ಉರಿಯೂತದ ರೋಗಗಳ ಜೊತೆಗೂ, ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ ಕಾಯಿಲೆಯ ಜೊತೆಗೂ ಕಾಣಿಸುವುದು ರೋ52 ಪ್ರತಿಕಾಯ. ಎರಡನ್ನೂ ಬೆರೆಸಿದ ಕಿಟ್ ಬರೀ ‘ಎಸ್‌ಎಸ್‌ಎ ಪಾಸಿಟಿವ್’ ಎಂದರೆ ವೈದ್ಯರಿಗೆ ಅದರಿಂದ ಅರ್ಧ ಮಾಹಿತಿಯಷ್ಟೇ ಸಿಕ್ಕಿತು.

ಬಸುರಿಯರ ವಿಷಯ ಇನ್ನೂ ಸೂಕ್ಷ್ಮ. ರೋ ಪ್ರತಿಕಾಯ ತಾಯಿಯಿಂದ ಮಾಸು ದಾಟಿ ಭ್ರೂಣದ ಹೃದಯದ ವಿದ್ಯುತ್ ವಾಹಿನಿಯನ್ನು ಕೆಡಿಸಬಲ್ಲದು. ಇಂಥ ತಾಯಂದಿರ ಶಿಶುಗಳಲ್ಲಿ ಶೇ 1ರಿಂದ 2ರಷ್ಟಕ್ಕೆ ಹಾರ್ಟ್ ಬ್ಲಾಕ್ ಆಗುತ್ತದೆ. ಹಿಂದಿನ ಮಗುವಿಗೆ ಆಗಿದ್ದರೆ ಮುಂದಿನದಕ್ಕೆ ಸಾಧ್ಯತೆ ಶೇ 15ರ ಮೇಲೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಮರುಕಳಿಕೆಯನ್ನು ತಗ್ಗಿಸುತ್ತದೆಂದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ತಾಯಿಗೆ ಲಕ್ಷಣವೇ ಇಲ್ಲದಿರಬಹುದು, ಮೊದಲ ಹಂತದ ಎಎನ್‌ಎ (ಕೋಶಕೇಂದ್ರದ ವಿರುದ್ಧದ ಪ್ರತಿಕಾಯ) ಪರೀಕ್ಷೆಯೂ ನೆಗೆಟಿವ್ ಬರಬಹುದು; ಅದರಲ್ಲಿ ಬಳಸುವ ಹೆಪ್‌-2 ಕೋಶಗಳಲ್ಲಿ ರೋ60 ಕಡಿಮೆ, ಸಂಸ್ಕರಣೆಯಲ್ಲಿ ತೊಳೆದೂ ಹೋಗುತ್ತದೆ. ಮಾನವ ರೋ60 ಜೀನನ್ನು ಹೆಚ್ಚುವರಿಯಾಗಿ ಸೇರಿಸಿದ ಹೆಪ್‌-2000 ಕೋಶಗಳು ಬಂದದ್ದೇ ಈ ಕೊರತೆ ತುಂಬಲು.

ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಇದೆ, ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಕೂಡ ಅದೇ ಊರಿನಲ್ಲಿದೆ. ಸಾರ್ವಜನಿಕ ಹಣದಲ್ಲಿ ಕಿಟ್ ಕೊಳ್ಳುವ ಕಡೆ ದರವೊಂದನ್ನೇ ನೋಡಿದರೆ ಸಾಲದು. ರೋ60, ರೋ52 ಪ್ರತ್ಯೇಕ ಗೆರೆಗಳಾಗಿರಬೇಕು. ಪ್ರತಿಜನಕ ದನದ್ದೋ ಮರುಸಂಯೋಜಿತವೋ, ಯಾವ ಕೋಶದಲ್ಲಿ ಬೆಳೆಸಿದ್ದು ಎಂಬುದು ಟೆಂಡರ್‌ನಲ್ಲೂ ವರದಿಯಲ್ಲೂ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಹಾಗೆಂದು ಪಟ್ಟಿಯಲ್ಲಿ ಗೆರೆ ಮೂಡಿದ್ದೇ ರೋಗವೆಂದು ಸ್ಟೆರಾಯ್ಡ್ ಶುರುಮಾಡುವಂತಿಲ್ಲ. ಆರೋಗ್ಯವಂತರಲ್ಲೂ ಕೆಲವರಿಗೆ ಈ ಪ್ರತಿಕಾಯ ಇರುತ್ತದೆ. ದೂಳಿನಲ್ಲಿ ದುಡಿದವರಿಗೆ ಎದೆಯ ಸಿಟಿ ಸ್ಕ್ಯಾನ್, ಕಫ ಪರೀಕ್ಷೆ, ಕೆಲಸದ ಪೂರ್ವಚರಿತ್ರೆ ಮೂರೂ ಆದ ಮೇಲೆ ಆ ಗೆರೆಯನ್ನು ಓದಬೇಕಾಗುತ್ತದೆ.