ಸಾಲಿನ ಉದ್ದ ಯಾರ ಪರದೆಗೆ?

ಹಲವರು ಸೇರಿ ಬರೆಯುವ ಕೋಡ್‌ನಲ್ಲಿ ಒಂದು ಸಾಲು ಎಷ್ಟು ಉದ್ದವಿರಬಹುದು ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ತಮ್ಮ ಮೇಜಿನ ಮೇಲಿನ ಮಾನಿಟರ್ ನೋಡಿಕೊಂಡೇ ಉತ್ತರ ಹೇಳುತ್ತಾರೆ. ಅಗಲದ ಪರದೆಯವರಿಗೆ 120 ಅಕ್ಷರವೂ ಕಡಿಮೆ, ಟರ್ಮಿನಲ್ಲಿಗೆ ಒಗ್ಗಿಕೊಂಡವರಿಗೆ 80 ದಾಟಿದರೆ ಕಿರಿಕಿರಿ. ಈ ಅಳತೆಗೋಲೇ ಸರಿಯಿಲ್ಲ ಎಂದು ನನಗನ್ನಿಸುತ್ತದೆ. ತಂಡದಲ್ಲಿ ಎಲ್ಲರಿಗಿಂತ ಇಕ್ಕಟ್ಟಿನಲ್ಲಿ ಓದುವವರು ಯಾರೋ, ಮಿತಿ ಅವರಿಗೆ ಹೊಂದಬೇಕು.

80 ಎಂಬ ಸಂಖ್ಯೆಯ ಮೂಲ ರಟ್ಟಿನ ಕಾರ್ಡು. ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿಗೆ 80 ಕಾಲಮ್‌ಗಳಿದ್ದವು. ಫೋರ್ಟ್ರಾನ್ ಬರೆಯುವವರು ಅದರಲ್ಲಿ ಮೊದಲ 72ನ್ನು ಪ್ರೋಗ್ರಾಮಿಗೆ ಬಳಸಿ, ಕೊನೆಯ ಎಂಟನ್ನು ಕ್ರಮಸಂಖ್ಯೆಗೆ ಬಿಡುತ್ತಿದ್ದರು. ಕಟ್ಟು ಕೈಜಾರಿ ಚದುರಿದರೆ ಮತ್ತೆ ಜೋಡಿಸಲು ಅದೇ ಆಧಾರ. 1978ರ ವಿಟಿ100 ಟರ್ಮಿನಲ್ಲೂ ಸಾಮಾನ್ಯವಾಗಿ 80 ಕಾಲಮ್ಮನ್ನೇ ತೋರಿಸುತ್ತಿತ್ತು. 2001ರಲ್ಲಿ ಬಂದ ಪೈಥಾನ್‌ನ ಪೆಪ್ 8 ಶೈಲಿಸೂತ್ರ 79ಕ್ಕೆ ನಿಲ್ಲಿಸಿತು. ಕಾರ್ಡು ಹೋದ ಮೇಲೂ ಅದರ ಅಗಲ ಉಳಿಯಿತು.

ಇದನ್ನು ನೇರವಾಗಿ ಪ್ರಶ್ನಿಸಿದವರು ಲಿನಸ್ ಟೊರ್ವಾಲ್ಡ್ಸ್. 2020ರ ಮೇ ತಿಂಗಳಲ್ಲಿ ಲಿನಕ್ಸ್ ಕರ್ನಲ್‌ನ ತಪಾಸಣೆ ಸ್ಕ್ರಿಪ್ಟ್ ಎಚ್ಚರಿಕೆ ಕೊಡುವ ಮಿತಿಯನ್ನು 80ರಿಂದ 100ಕ್ಕೆ ಏರಿಸಲಾಯಿತು. 80ಕ್ಕೆ ಹೊಂದಿಸಲೆಂದೇ ಸಾಲುಗಳನ್ನು ತುಂಡರಿಸುವುದು ಓದಿಗೂ ಹುಡುಕಾಟಕ್ಕೂ ತೊಡಕು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ದೋಷ ಸಂದೇಶವೊಂದನ್ನು ಎರಡು ಸಾಲಿಗೆ ಒಡೆದುಬಿಟ್ಟರೆ, ಲಾಗ್‌ನಲ್ಲಿ ಕಂಡ ವಾಕ್ಯವನ್ನು ಗ್ರೆಪ್ ಮಾಡಿದಾಗ ಅದು ಸಿಗುವುದೇ ಇಲ್ಲ. ಜಾಗ ಉಳಿಸಲು ಅರ್ಥವತ್ತಾದ ಹೆಸರುಗಳನ್ನು ಮೊಟಕುಗೊಳಿಸುವುದು ಇನ್ನೂ ಕೆಟ್ಟದ್ದು. ಆದರೆ ಈಗ ಎಲ್ಲರ ಬಳಿಯೂ ದೊಡ್ಡ ಪರದೆ ಇದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ರಿವ್ಯೂ ಮಾಡುವವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ತೆರೆದಾಗ ಪರದೆ ಅರ್ಧವಾಗುತ್ತದೆ. ದೃಷ್ಟಿ ಮಂದವಿರುವವರು ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೆ ಇನ್ನರ್ಧ ಹೋಗುತ್ತದೆ. ಅಂಥವರು ಪ್ರತಿ ಸಾಲಿಗೂ ಅಡ್ಡಡ್ಡ ಜಾರಿಸಿಕೊಂಡು ಓದಬೇಕು. ಅವರು ಬಾಯಿಬಿಟ್ಟು ಕೇಳುವವರೆಗೆ ಕಾಯುವುದು ನ್ಯಾಯವಲ್ಲ.

ಹಾಗಾದರೆ ಎಷ್ಟು? ಪೈಥಾನ್‌ನ ಬ್ಲ್ಯಾಕ್ 88 ಎನ್ನುತ್ತದೆ, ರಸ್ಟ್ ಭಾಷೆಯ ಫಾರ್ಮ್ಯಾಟರ್ 100, ಪ್ರೆಟಿಯರ್ 80. ಗೋ ಭಾಷೆಯ ಫಾರ್ಮ್ಯಾಟರ್ ಉದ್ದದ ತಂಟೆಗೇ ಹೋಗುವುದಿಲ್ಲ. 80ರಿಂದ 100ರ ನಡುವೆ ಯಾವುದಾದರೂ ನನಗೆ ಒಪ್ಪಿಗೆ. ಇಕ್ಕಟ್ಟಿನ ಓದುಗರು ತಂಡದಲ್ಲಿದ್ದರೆ ಕೆಳಗಿನ ತುದಿ. ಉದ್ದದ ವೆಬ್ ವಿಳಾಸ, ಬಳಕೆದಾರರಿಗೆ ಕಾಣುವ ಸಂದೇಶ ಇವುಗಳಿಗೆ ವಿನಾಯಿತಿ ಇರಲಿ. ಗೊತ್ತಾದ ಮಿತಿ ರೆಪೊದೊಳಗಿನ ಕಾನ್ಫಿಗ್ ಫೈಲಿನಲ್ಲಿ ಇರಬೇಕು, ಯಾರೊಬ್ಬರ ಎಡಿಟರಿನಲ್ಲಿ ಅಲ್ಲ. ಹೊಸಬರ ಮೊದಲ ಪ್ಯಾಚಿಗೆ ಹಿರಿಯರೊಬ್ಬರು ‘ಈ ಸಾಲು ಉದ್ದವಾಯಿತು’ ಎಂದು ಷರಾ ಬರೆಯುವುದಕ್ಕಿಂತ ಯಂತ್ರವೇ ಅದನ್ನು ಹೇಳುವುದು ಎಷ್ಟೋ ಮೇಲು. ಅದರಲ್ಲಿ ಯಾರ ಮುಖವೂ ಕೆಡುವುದಿಲ್ಲ, ರಿವ್ಯೂ ಮಾಡುವವರ ಗಮನ ತರ್ಕದ ಮೇಲೆ ನಿಲ್ಲುತ್ತದೆ.

ಕನ್ನಡದಲ್ಲಿ ಕಾಮೆಂಟ್ ಬರೆಯುವವರು ಇನ್ನೊಂದನ್ನು ಕೇಳಿ ತಿಳಿಯಬೇಕು: ಈ ಯಂತ್ರ ಎಣಿಸುವುದು ಏನನ್ನು? ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತ, ಯುಟಿಎಫ್-8ರಲ್ಲಿ ಒಂಬತ್ತು ಬೈಟ್. ಬೈಟ್ ಎಣಿಸುವ ಸಾಧನವಿದ್ದರೆ 80ರ ಮಿತಿಯೊಳಗೆ ಕನ್ನಡದ ಮೂರ್ನಾಲ್ಕು ಪದಗಳಷ್ಟೇ ಹಿಡಿಸುತ್ತವೆ. ನಮ್ಮ ಭಾಷೆಯಲ್ಲಿ ವಿವರಿಸುವವರಿಗೆ ಇದು ಸುಮ್ಮನೆ ಬೀಳುವ ದಂಡ. ಮಿತಿ ಬರೆಯುವಾಗಲೇ ಕಾಮೆಂಟುಗಳ ಎಣಿಕೆ ಹೇಗೆ ಎಂಬುದನ್ನೂ ಬರೆದಿಡಬೇಕು.

ಹಳೆಯ ಕೋಡನ್ನು ಹೊಸ ಮಿತಿಗೆ ತರುವುದಿದ್ದರೆ ಆ ಬದಲಾವಣೆಯೊಂದೇ ಒಂದು ಕಮಿಟ್‌ನಲ್ಲಿರಲಿ. ಇಲ್ಲವಾದರೆ ಯಾವ ಸಾಲನ್ನು ಯಾರು, ಏಕೆ ಬರೆದರು ಎಂಬ ಚರಿತ್ರೆ ಅದರಡಿ ಹೂತುಹೋಗುತ್ತದೆ. 2019ರ ಗಿಟ್ 2.23 ಆವೃತ್ತಿಯಿಂದ ಅಂಥ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು ಗಿಟ್‌ಗೆ ಆ ಫೈಲನ್ನು ತೋರಿಸಿಕೊಟ್ಟರೆ ಅದರ ಬ್ಲೇಮ್ ಆದೇಶ ಅವುಗಳನ್ನು ದಾಟಿ ಮೂಲ ಲೇಖಕರನ್ನು ತೋರಿಸುತ್ತದೆ. ತೆರೆದ ಬ್ರಾಂಚುಗಳು ಕಡಿಮೆ ಇರುವ ದಿನ ನೋಡಿ, ಎಲ್ಲರಿಗೂ ಮೊದಲೇ ತಿಳಿಸಿ ಮಾಡಿದರೆ ಮರ್ಜ್ ತಿಕ್ಕಾಟವೂ ಕಡಿಮೆಯಾಗುತ್ತದೆ.